ಪಿಸ್ತೂಲು ಗುಂಡುಗಳ ವಿಧಗಳು

ಪಿಸ್ತೂಲಿನ ತೋಟಾದಲ್ಲಿ ಹಿತ್ತಾಳೆಯ ಚಿಪ್ಪು, ಪ್ರೈಮರ್, ಮದ್ದು ಮತ್ತು ಗುಂಡು ಎಂಬ ನಾಲ್ಕು ಭಾಗಗಳಿರುತ್ತವೆ. ಒಮ್ಮೆ ಬಳಸಿದ ಚಿಪ್ಪಿಗೆ ಉಳಿದ ಮೂರನ್ನು ಹೊಸದಾಗಿ ಜೋಡಿಸುವುದೇ ತೋಟಾದ ಮರುಭರ್ತಿ. ಅಮೆರಿಕದ ಗುರಿಕಾರರಲ್ಲಿ ಇದು ಪ್ರಚಲಿತ ಹವ್ಯಾಸವಾಗಿದೆ. ಗುಂಡಿನ ಆಯ್ಕೆಯು ಬೆಲೆ, ನಿಖರತೆ ಹಾಗೂ ಸುರಕ್ಷತೆಗಳನ್ನು ಅವಲಂಬಿಸಿದೆ.

ಪ್ರಮುಖ ವಿಧಗಳು

ಸೀಸದ ಎರಕದ ಗುಂಡು: ಇದು ಅಗ್ಗವಾದುದು. ಗಡಸುತನಕ್ಕಾಗಿ ಸೀಸಕ್ಕೆ ತವರ ಮತ್ತು ಆಂಟಿಮನಿಯನ್ನು ಬೆರೆಸಲಾಗುತ್ತದೆ. ವೇಗ ಹೆಚ್ಚಾದರೆ ನಳಿಗೆಯೊಳಗೆ ಸೀಸ ಅಂಟಿಕೊಳ್ಳುತ್ತದೆ.

ತಾಮ್ರಲೇಪಿತ ಗುಂಡು: ಸೀಸದ ತಿರುಳಿನ ಮೇಲೆ ವಿದ್ಯುಲ್ಲೇಪನದಿಂದ ತಾಮ್ರದ ತೆಳುಪದರವನ್ನು ಕೊಡಲಾಗಿರುತ್ತದೆ. ಇದನ್ನು ಸಾಮಾನ್ಯವಾಗಿ ಮಿತವೇಗದಲ್ಲಿ ಬಳಸುತ್ತಾರೆ.

ಪೂರ್ಣ ಲೋಹಕವಚದ ಗುಂಡು: ಸ್ವಿಟ್ಜರ್ಲೆಂಡಿನ ಎಡುವಾರ್ಡ್ ರುಬಿನ್ 1882ರಲ್ಲಿ ತಾಮ್ರಕವಚದ ಗುಂಡನ್ನು ರೂಪಿಸಿದನು. ನುಣುಪಾದ ದುಂಡು ಮೂತಿಯ ಕಾರಣ ಇದು ಸ್ವಯಂಚಾಲಿತ ಪಿಸ್ತೂಲುಗಳಲ್ಲಿ ತಡೆಯಿಲ್ಲದೆ ಸಾಗುತ್ತದೆ. ಹಲವು ಗುಂಡುಗಳಲ್ಲಿ ಬುಡಕ್ಕೆ ಕವಚವಿರುವುದಿಲ್ಲ; ಹಾರಿಸಿದಾಗ ಅಲ್ಲಿಂದ ಸೀಸದ ಆವಿ ಹೊರಡುತ್ತದೆ.

ಟೊಳ್ಳುಮೂತಿಯ ಗುಂಡು: ಗುರಿಯನ್ನು ತಾಗಿದೊಡನೆ ಇದರ ಮೂತಿ ಅರಳುತ್ತದೆ. ಗುರಿಯನ್ನು ತೂರಿಹೋಗಿ ಅನ್ಯರಿಗೆ ತಗಲುವ ಸಂಭವ ಕಡಿಮೆಯಾದುದರಿಂದ ಅನೇಕ ದೇಶಗಳ ಪೊಲೀಸರು ಇದನ್ನು ಬಳಸುತ್ತಾರೆ. ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸುವುದನ್ನು 1899ರ ಹೇಗ್ ಘೋಷಣೆ ನಿಷೇಧಿಸಿತು. ಅಂತಹ ಗುಂಡುಗಳಿಗೆ ಬಂದ 'ದಮ್ ದಮ್' ಎಂಬ ಹೆಸರು ಕೋಲ್ಕತ್ತದ ಬಳಿಯ ಶಸ್ತ್ರಾಗಾರದಿಂದ ಬಂದುದು.

ವಾಡ್‌ಕಟರ್: ಚಪ್ಪಟೆ ಮೂತಿಯ ಈ ಗುಂಡು ಗುರಿಕಾಗದದಲ್ಲಿ ಅಚ್ಚುಕಟ್ಟಾದ ದುಂಡು ರಂಧ್ರವನ್ನು ಕೊರೆಯುವುದರಿಂದ ಅಂಕ ಎಣಿಸಲು ಅನುಕೂಲ. 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಗಳಲ್ಲಿ ಇದರ ಬಳಕೆಯಿದೆ.

ತೂಕ

ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವುದು ರೂಢಿ. ಒಂದು ಗ್ರೇನ್ ಸುಮಾರು 0.0648 ಗ್ರಾಂ. 9 ಮಿ.ಮೀ. ಪಿಸ್ತೂಲಿಗೆ 115, 124 ಮತ್ತು 147 ಗ್ರೇನ್ ತೂಕದವು ಸಾಮಾನ್ಯ.

ಸುರಕ್ಷತೆ

ಒಂದೇ ತೂಕದ ಎರಡು ಗುಂಡುಗಳೂ ಪರಸ್ಪರ ಬದಲಿಯಾಗಲಾರವು. ಉದ್ದವಾದ ಗುಂಡು ಚಿಪ್ಪಿನೊಳಗೆ ಹೆಚ್ಚು ಆಳಕ್ಕೆ ಕುಳಿತು ಮದ್ದಿನ ಅವಕಾಶವನ್ನು ಕುಗ್ಗಿಸುತ್ತದೆ; ಆಗ ಒತ್ತಡ ಏರಿ ಪಿಸ್ತೂಲು ಒಡೆದು ಬಳಸುವವನಿಗೆ ಗಾಯವಾಗಬಹುದು. ಆದ್ದರಿಂದ ಪ್ರತಿ ಗುಂಡಿಗೂ ಮದ್ದಿನ ಪ್ರಮಾಣವನ್ನು ತಯಾರಕರು ಪರೀಕ್ಷಿಸಿ ಪ್ರಕಟಿಸುತ್ತಾರೆ. ಸೀಸವು ವಿಷಕಾರಿಯಾದುದರಿಂದ ಗಾಳಿಯಾಡುವ ಸ್ಥಳ ಹಾಗೂ ಕೈತೊಳೆಯುವ ಅಭ್ಯಾಸ ಅವಶ್ಯಕ.

ಭಾರತದಲ್ಲಿ

1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡುಗಳನ್ನು ತಯಾರಿಸುವುದು ಅಪರಾಧ.