ಹೊರನಾಡಿನ ಕಾಂಡ್ಲಾ ಮರಗಳ ಹರಡುವಿಕೆ: ನಕ್ಷೆಯಿಂದ ತಿಳಿಯುವ ಬಗೆ

ನಮ್ಮ ಕರಾವಳಿಯ ಗಜನಿ ರೈತರಿಗೆ ಕಾಂಡ್ಲಾ ಗಿಡದ ಪರಿಚಯ ಹೊಸದಲ್ಲ. ಅಘನಾಶಿನಿ, ಕಾಳಿ ಮೊದಲಾದ ನದಿಗಳ ಅಳಿವೆಯಲ್ಲಿ ಉಪ್ಪುನೀರಿನಲ್ಲೇ ಬೆಳೆದು, ಗಜನಿಯ ಕಟ್ಟೆಗೆ ಆಸರೆಯಾಗಿ, ಮೀನುಮರಿ ಸೀಗಡಿಗಳಿಗೆ ಆಶ್ರಯ ಕೊಡುವ ಈ ಮರಗಳು ಇಲ್ಲಿಯವೇ. ಇವುಗಳಿಂದ ನಮಗೆ ಉಪಕಾರವೇ ಹೊರತು ಅಪಕಾರವಿಲ್ಲ. ಆದರೆ ಇದೇ ಗುಂಪಿನ ಮರ ತನ್ನದಲ್ಲದ ನಾಡಿಗೆ ಹೋದಾಗ ಹೇಗೆ ಕಳೆಯಾಗಬಲ್ಲದು ಎಂಬುದಕ್ಕೆ ಹವಾಯಿ ದ್ವೀಪಗಳು ಉತ್ತಮ ನಿದರ್ಶನ.

ಹವಾಯಿಯಲ್ಲಿ ನಡೆದದ್ದೇನು?

ಶಾಂತಸಾಗರದ ನಡುವೆ, ಎಲ್ಲ ಖಂಡಗಳಿಂದಲೂ ಬಲುದೂರದಲ್ಲಿರುವ ಈ ದ್ವೀಪಗಳಲ್ಲಿ ಮೂಲತಃ ಕಾಂಡ್ಲಾ ಮರಗಳೇ ಇರಲಿಲ್ಲ. ಮೊಲೊಕಾಯಿ ದ್ವೀಪದ ಮೇಲ್ಭಾಗದ ಭೂಮಿಯಿಂದ ಕೊಚ್ಚಿಬಂದ ಕೆಂಪುಮಣ್ಣು ತೆಂಕಣ ಕರಾವಳಿಯಲ್ಲಿ ಕೆಸರಾಗಿ ತುಂಬಿತು. ಅದನ್ನು ತಡೆಹಿಡಿಯಲೆಂದು 1902ರಲ್ಲಿ ಅಮೆರಿಕನ್ ಶುಗರ್ ಕಂಪನಿಯು ಫ್ಲಾರಿಡಾದಿಂದ ಕೆಂಪು ಕಾಂಡ್ಲಾ (ರೈಜೋಫೊರಾ ಮ್ಯಾಂಗಲ್) ತರಿಸಿ ನೆಡಿಸಿತು. 1922ರಲ್ಲಿ ಓಆಹು ದ್ವೀಪಕ್ಕೆ ಫಿಲಿಪೈನ್ಸ್‌ನಿಂದ ಬೇರೆ ಜಾತಿಗಳೂ ಬಂದವು. ಉದ್ದೇಶ ಒಳ್ಳೆಯದೇ. ಮರವೂ ಮಣ್ಣನ್ನು ಹಿಡಿಯಿತು. ಆದರೆ ನೆಟ್ಟಲ್ಲಿ ನಿಲ್ಲಲಿಲ್ಲ.

ಈ ಮರದ ಬೀಜ ಕೊಂಬೆಯಲ್ಲಿರುವಾಗಲೇ ಮೊಳೆತು, ಗೇಣುದ್ದದ ನುಗ್ಗೆಕಾಯಿಯಂತೆ ಜೋತಾಡುತ್ತದೆ. ನೀರಿಗೆ ಬಿದ್ದ ಮೊಳಕೆ ತಿಂಗಳುಗಟ್ಟಲೆ ತೇಲಿ, ಕೆಸರು ಸಿಕ್ಕಲ್ಲಿ ಬೇರೂರುತ್ತದೆ. ಹೀಗೆ ಅಲೆಗಳೇ ಬಿತ್ತನೆಯ ಕೆಲಸ ಮಾಡಿದವು. ಅಲ್ಲಿಯ ಜನ ಶತಮಾನಗಳ ಹಿಂದೆ ಕಲ್ಲುಗೋಡೆ ಕಟ್ಟಿ ಮಾಡಿಕೊಂಡಿದ್ದ ಮೀನುಕೊಳಗಳೊಳಗೆ ಮರಗಳು ನುಗ್ಗಿದವು. ಬೇರುಗಳು ಗೋಡೆಯ ಕಲ್ಲುಗಳನ್ನು ಸಡಿಲಿಸಿದವು, ಕೊಳಗಳು ಹೂಳಿನಿಂದ ತುಂಬಿದವು. ತೆರೆದ ಕೆಸರುಬಯಲಿನಲ್ಲಿ ಮೇಯುತ್ತಿದ್ದ ಅಲ್ಲಿಯ ಮೆಟ್ಟುಗಾಲು ಹಕ್ಕಿಗೂ ನೆಲೆ ತಪ್ಪಿತು.

ನಕ್ಷೆ ಏಕೆ ಬೇಕು?

ಕಳೆಯನ್ನು ಹತೋಟಿಗೆ ತರಲು ಮೂರು ವಿಷಯ ತಿಳಿದಿರಬೇಕು: ಅದು ಎಲ್ಲಿದೆ, ಎಷ್ಟಿದೆ, ಯಾವ ಕಡೆಗೆ ಸಾಗುತ್ತಿದೆ. ಕಾಂಡ್ಲಾ ಕಾಡಿನಲ್ಲಿ ಕೆಸರು ಮತ್ತು ಊರುಬೇರುಗಳಿಂದಾಗಿ ನಡೆದು ಅಳೆಯುವುದು ಬಹಳ ಕಷ್ಟ. ಆದ್ದರಿಂದ ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನೂ ಉಪಗ್ರಹದ ಚಿತ್ರಗಳನ್ನೂ ಬಳಸುತ್ತಾರೆ.

ಹಸಿರೆಲೆ ಸೂರ್ಯನ ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ನೀರು ಅವಕೆಂಪು ಕಿರಣಗಳನ್ನು ಹೀರಿಕೊಳ್ಳುತ್ತದೆ. ಆದಕಾರಣ ಅಂಥ ಚಿತ್ರದಲ್ಲಿ ನೀರು ಕಪ್ಪಾಗಿಯೂ ಮರಗಳು ಪ್ರಕಾಶವಾಗಿಯೂ ಕಾಣುತ್ತವೆ. ಎರಡರ ಗಡಿ ಸ್ಪಷ್ಟವಾಗುತ್ತದೆ.

ನಕ್ಷೆ ಮಾಡುವ ಕ್ರಮ

1. ಒಂದೇ ಸ್ಥಳದ, ಬೇರೆಬೇರೆ ವರ್ಷಗಳ ಚಿತ್ರಗಳನ್ನು ಸಂಗ್ರಹಿಸಬೇಕು. ಸಾಧ್ಯವಿದ್ದಷ್ಟು ಇಳಿತದ ಹೊತ್ತಿನ ಚಿತ್ರಗಳೇ ಇರಲಿ. ಭರತದ ವೇಳೆ ಎಳೆಯ ಸಸಿಗಳು ನೀರಿನಡಿ ಮರೆಯಾಗುತ್ತವೆ.

2. ಬದಲಾಗದ ಗುರುತುಗಳನ್ನು, ಅಂದರೆ ರಸ್ತೆಯ ಕೂಡು, ಕಲ್ಲುಗೋಡೆಯ ಮೂಲೆ ಮುಂತಾದವನ್ನು ಹಿಡಿದು ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸಬೇಕು.

3. ಪ್ರತಿ ವರ್ಷದ ಕಾಡಿನ ಅಂಚನ್ನು ಗೆರೆಯೆಳೆದು ವಿಸ್ತೀರ್ಣ ಲೆಕ್ಕ ಹಾಕಬೇಕು. ಉದಾಹರಣೆಗೆ, ಮೊದಲ ನಕ್ಷೆಯಲ್ಲಿ 4 ಎಕರೆ, 20 ವರ್ಷಗಳ ನಂತರದ್ದರಲ್ಲಿ 9 ಎಕರೆ ಇದ್ದರೆ ಹೆಚ್ಚಳ 5 ಎಕರೆ. ಸರಾಸರಿ ವರ್ಷಕ್ಕೆ 10 ಗುಂಟೆ.

4. ಕೊನೆಗೆ ಸ್ಥಳಕ್ಕೆ ಹೋಗಿ ತಾಳೆ ನೋಡಬೇಕು. ಇದನ್ನು ಬಿಟ್ಟರೆ ನಕ್ಷೆ ನಂಬಿಕೆಗೆ ಅರ್ಹವಲ್ಲ.

ಎಡವುವ ಸ್ಥಳಗಳು

ಉಪಗ್ರಹ ಚಿತ್ರವು ಸಣ್ಣ ಚೌಕಗಳಿಂದ ಕೂಡಿರುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಚೌಕದ ಬದಿ 30 ಮೀಟರ್, ಅಂದರೆ ಸುಮಾರು 9 ಗುಂಟೆ. 2015ರಿಂದ ಬಂದ ಸೆಂಟಿನೆಲ್-2 ಚಿತ್ರದಲ್ಲಿ 10 ಮೀಟರ್, ಅಂದರೆ ಸುಮಾರು 1 ಗುಂಟೆ. ಚೌಕಕ್ಕಿಂತ ಚಿಕ್ಕದಾದ ಹೊಸ ಗುಂಪು ಅದರಲ್ಲಿ ತಪ್ಪಿಹೋಗಬಹುದು. ಮುಂದಿನ ಪಿಡುಗಿನ ಮೂಲ ಮಾತ್ರ ಅದೇ.

ಎರಡನೆಯದು, ಹಸಿರೆಲ್ಲ ಕಾಂಡ್ಲಾ ಅಲ್ಲ. ಹವಾಯಿಯ ಕರಾವಳಿಯಲ್ಲಿ ಕಾಂಡ್ಲಾದ ಬೆನ್ನಿಗೇ ಕಿಯಾವೆ ಎಂಬ ಮರ ಬೆಳೆದಿರುತ್ತದೆ. ಇದು ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಅಲ್ಲಿಗೂ ಹೊರಗಿನಿಂದ ಬಂದದ್ದು. ಎಲೆಯ ಬಣ್ಣ, ಮರದ ಎತ್ತರ, ನೆಲದ ತೇವ ಇವನ್ನು ಕೂಡಿಸಿ ನೋಡಿದರೆ ಮಾತ್ರ ಬೇರ್ಪಡಿಸಬಹುದು.

ಸ್ಥಳೀಯ ಕಾಂಡ್ಲಾ ಇರುವಲ್ಲಿ ಕೆಲಸ ಇನ್ನೂ ಕಠಿಣ. ಚೀನಾದ ಹೈನಾನ್ ದ್ವೀಪಕ್ಕೆ 1985ರಲ್ಲಿ ಬಾಂಗ್ಲಾದೇಶದಿಂದ ಸೊನೆರೇಶಿಯ ಅಪೆಟಾಲ ಎಂಬ ಜಾತಿಯನ್ನು ಒಯ್ದರು. ಬೇಗ ಬೆಳೆಯುವ ಗುಣದಿಂದ ಅದನ್ನು ದಕ್ಷಿಣ ಚೀನಾದ ಕರಾವಳಿಯಲ್ಲಿ ವ್ಯಾಪಕವಾಗಿ ನೆಟ್ಟರು. ಅಲ್ಲಿಯ ಕುಳ್ಳು ಜಾತಿಗಳನ್ನು ಮೀರಿ ಎತ್ತರಕ್ಕೆ ನಿಲ್ಲುವುದರಿಂದಲೇ ಅದನ್ನು ಗುರುತಿಸಲು ಸಹಾಯವಾಗುತ್ತದೆ.

ನಕ್ಷೆಯ ಉಪಯೋಗ

ಕೆಂಪು ಕಾಂಡ್ಲಾದ ದೊಡ್ಡ ಮರವನ್ನು ಬುಡಕ್ಕೆ ಕಡಿದರೆ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಆದರೆ ಪಕ್ಕದ ಕೊಲ್ಲಿಯಿಂದ ಮೊಳಕೆಗಳು ತೇಲಿಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬೀಜ ಬರುವ ದಿಕ್ಕು ಯಾವುದು, ಒಂಟಿ ಗುಂಪುಗಳು ಎಲ್ಲಿವೆ ಎಂಬುದನ್ನು ನಕ್ಷೆ ತೋರಿಸುತ್ತದೆ. ಚಿಕ್ಕ ಗುಂಪುಗಳನ್ನು ಮೊದಲು ತೆಗೆಯುವುದು ಲೇಸು. ದೊಡ್ಡ ಕಾಡನ್ನು ಒಮ್ಮೆಲೇ ಕಡಿದರೆ ಬೇರು ಹಿಡಿದಿಟ್ಟ ಹೂಳು ಹೊರಬಿದ್ದು ಹವಳದ ದಿಬ್ಬಗಳನ್ನು ಮುಚ್ಚುವ ಅಪಾಯವೂ ಉಂಟು. ಮೇಲಿನ ಹೊಲದಲ್ಲೇ ಮಣ್ಣು ಉಳಿಸಿಕೊಂಡಿದ್ದರೆ ಕೆಳಗೆ ಈ ಮರದ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ನಮಗೇನು ಪಾಠ?

ಇದನ್ನು ಓದಿ ನಮ್ಮ ಕಾಂಡ್ಲಾಕ್ಕೆ ಯಾರೂ ಕತ್ತಿ ಹಚ್ಚಬಾರದು. ಅವು ಇಲ್ಲಿನ ಆಸ್ತಿ. ಹೊಸದಾಗಿ ನೆಡುವಾಗ ಆಯಾ ನದಿಯ ಅಳಿವೆಯಲ್ಲೇ ಬೆಳೆದ ಮರಗಳ ಬೀಜವನ್ನು ಆರಿಸಿಕೊಳ್ಳಬೇಕು. ಬೇಗ ಬೆಳೆಯುತ್ತದೆಂಬ ಒಂದೇ ಕಾರಣಕ್ಕೆ ಹೊರಗಿನ ಸಸಿ ತರಬಾರದು. ಅಪರಿಚಿತ ಗಿಡ ಕಂಡರೆ ಗ್ರಾಮದ ನಕ್ಷೆಯ ಮೇಲೆ ಜಾಗ ಮತ್ತು ತಾರೀಖು ಗುರುತಿಸಿ, ವಿಸ್ತರಣಾ ಕಾರ್ಯಕರ್ತರಿಗೆ ತಿಳಿಸಬೇಕು. ಒಂದು ಗುಂಟೆಯಲ್ಲಿರುವಾಗ ಕೈಯಿಂದ ಕೀಳಬಹುದಾದದ್ದು, ಹತ್ತು ಎಕರೆಯಾದ ಮೇಲೆ ಸರಕಾರಕ್ಕೂ ಹೊರೆಯಾಗುತ್ತದೆ.