ಮನೆಯಲ್ಲೊಂದು ಹುಲಿಮೊಗ

ಕಳೆದ ನವರಾತ್ರಿಯಲ್ಲಿ ನಾನೊಂದು ಅಪರಾಧ ಮಾಡಿದೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ಕಿನ ಹುಲಿಯ ಮುಖವಾಡವನ್ನು ಕಟ್ಟಿಕೊಂಡು, ಬಾಗಿಲ ಮರೆಯಲ್ಲಿ ಹೊಂಚಿ ನಿಂತಿದ್ದು, ಮೂರು ವರ್ಷದ ಮೊಮ್ಮಗಳ ಮುಂದೆ ಇದ್ದಕ್ಕಿದ್ದಂತೆ ಹಾರಿದೆ. ಮಗು ನಕ್ಕೀತೆಂದು ನನ್ನ ಎಣಿಕೆ. ಅದು ಕಿಟಾರನೆ ಕಿರಿಚಿಕೊಂಡಿತು. ಮುಖವಾಡವನ್ನು ಕಿತ್ತೆಸೆದು, 'ನಾನಮ್ಮ, ತಾತ!' ಎಂದು ಎಷ್ಟು ರಮಿಸಿದರೂ ಪ್ರಯೋಜನವಾಗಲಿಲ್ಲ. ನಾಲ್ಕು ದಿನ ಅದು ನನ್ನ ತೊಡೆಯೇರಲಿಲ್ಲ. ಅರವತ್ತು ದಾಟಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದುಂಟು?

ಮಗುವಿನ ಹೆದರಿಕೆ ಅವಿವೇಕವಲ್ಲವೆಂಬುದು ಆಮೇಲೆ ತಿಳಿಯಿತು. 1969ರಲ್ಲಿ ಅಮೆರಿಕದ ರೀಟಾ ಡಿವ್ರೀಸ್ ಎಂಬ ವಿದುಷಿ ತಮ್ಮ ಅಧ್ಯಯನವೊಂದನ್ನು ಪ್ರಕಟಿಸಿದರು. ಮೇನಾರ್ಡ್ ಎಂಬ ಸಾಧು ಬೆಕ್ಕೊಂದನ್ನು ಅವರು ಮಕ್ಕಳಿಗೆ ತೋರಿಸಿ, ಅದರ ಹಿಂಭಾಗ ಮಾತ್ರ ಕಾಣುವಂತೆ ಮರೆಮಾಡಿ, ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ಮರೆ ಸರಿಸಿದಾಗ ಮೂರು ವರ್ಷದ ಮಕ್ಕಳಲ್ಲಿ ಹಲವರು ಅದು ನಾಯಿಯೇ ಆಗಿಹೋಯಿತೆಂದು ನಂಬಿದರು. ಆರು ವರ್ಷದವರು ಸಾಮಾನ್ಯವಾಗಿ ಹಾಗೆ ಮೋಸಹೋಗಲಿಲ್ಲ. ಎಂದರೆ, ನನ್ನ ಮೊಮ್ಮಗಳ ಪಾಲಿಗೆ ಅಂದು ತಾತ ಹುಲಿಯಾದದ್ದು ವೇಷವಲ್ಲ, ನಿಜ. ಇದಕ್ಕೆ ಪರಿಹಾರವೇನು? ಹುಲಿ ಹುಟ್ಟುವುದನ್ನು ಮಗು ಮೊದಲಿನಿಂದ ಕಡೆಯತನಕ ತಾನೇ ಕಂಡರೆ ಹೇಗೆ ಎಂದು ಯೋಚಿಸಿದೆ. ಒಂಬತ್ತು ವರ್ಷದ ಮೊಮ್ಮಗನಿಗೂ ಪುಣ್ಯಕೋಟಿಯ ಆಟ ಆಡಬೇಕೆಂಬ ಹಂಬಲವಿತ್ತು. ಕೆಲಸ ಪ್ರಾರಂಭವಾಯಿತು.

'ಮುಖವಾಡ' ಎಂಬ ಮಾತನ್ನು ನಾವು ಸಾಹಿತ್ಯದವರು ಕೆಡಿಸಿದ್ದೇವೆ. ನಮ್ಮ ವಿಮರ್ಶೆಯಲ್ಲಿ ಅದು ಕಳಚಿ ಬೀಳುವುದಕ್ಕಾಗಿಯೇ ಇರುವ ವಸ್ತು, ಕಪಟಕ್ಕೆ ಪರ್ಯಾಯಪದ. ಜನಪದದಲ್ಲಿ ಹಾಗಿಲ್ಲ. ವರಮಹಾಲಕ್ಷ್ಮಿಯ ಕಲಶಕ್ಕೆ ಗೃಹಿಣಿಯರು ಕಟ್ಟುವ ಬೆಳ್ಳಿಯ ಮೊಗವೂ ಮುಖವಾಡವೇ. ತುಳುನಾಡಿನ ಭೂತಾರಾಧನೆಯಲ್ಲಿ ಪಂಜುರ್ಲಿಯ ಹಂದಿಮೊಗವನ್ನು ಲೋಹದಲ್ಲಿ ಎರೆದಿರುತ್ತಾರೆ. ಬಯಲುಸೀಮೆಯ ಸೋಮನ ಕುಣಿತಕ್ಕೆ ಮರದಲ್ಲಿ ಕಡೆದ ಮೊಗಗಳುಂಟು. ಅಲ್ಲೆಲ್ಲ ಮೊಗವೆಂಬುದು ಮರೆಮಾಚುವ ಸಾಧನವಲ್ಲ, ತೋರಿಸುವ ಸಾಧನ.

ನಮಗೆ ಲೋಹವೂ ಬೇಡ, ಮರವೂ ಬೇಡ. ಹಳೆಯ ವೃತ್ತಪತ್ರಿಕೆ, ಮೈದಾಹಿಟ್ಟು, ಒಂದು ಚಿಕ್ಕ ಮಣ್ಣಿನ ಮಡಕೆ, ಅರ್ಧ ತೆಂಗಿನ ಕರಟ, ಇಷ್ಟು ಸಾಕು. ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು ಬೆರೆಸಿ, ಗಂಟಾಗದಂತೆ ಕಲಕುತ್ತ ಕಾಯಿಸಿದರೆ ಗಂಜಿಯಂತಹ ಅಂಟು ಸಿದ್ಧವಾಗುತ್ತದೆ. ಹಿಂದೆ ಹುಳು ಬರದಿರಲೆಂದು ಅಂಟಿಗೆ ಮೈಲುತುತ್ತ ಸೇರಿಸುವ ರೂಢಿಯಿತ್ತು. ಅದು ವಿಷ, ಮಕ್ಕಳ ಕೈಗೆ ಕೂಡದು. ನಮ್ಮ ಅಜ್ಜಿಯರು ನೆನೆಸಿದ ಕಾಗದವನ್ನು ಮೆಂತ್ಯದೊಡನೆ ರುಬ್ಬಿ ಮೊರ ಬುಟ್ಟಿಗಳಿಗೆ ಬಳಿಯುತ್ತಿದ್ದುದು ನೆನಪಾಗಿ, ನಾನೂ ಒಂದು ಚಮಚ ಮೆಂತ್ಯದ ಪುಡಿ ಹಾಕಿದೆ. ಮನೆಯೆಲ್ಲ ಬಾಣಂತಿಯ ಕೋಣೆಯ ಹಾಗೆ ಘಮಘಮಿಸಿತೆಂದು ನನ್ನಾಕೆಯ ಟೀಕೆ.

ಮಡಕೆಯನ್ನು ಬೋರಲಿಟ್ಟು, ಅದರ ಉಬ್ಬಿಗೆ ಕರಟವನ್ನು ಕವುಚಿ ಮಣ್ಣಿನಿಂದ ಮೆತ್ತಬೇಕು. ಅದೇ ಹುಲಿಯ ಮೂತಿ. ಎಲ್ಲಕ್ಕೂ ಹರಳೆಣ್ಣೆ ಸವರಿ, ಮೊದಲ ಪದರದ ಕಾಗದವನ್ನು ಬರಿಯ ನೀರಿನಲ್ಲಿ ಅದ್ದಿ ಹಾಸಿದರೆ ಮುಂದೆ ಮೊಗ ಸುಲಭವಾಗಿ ಬಿಟ್ಟುಬರುತ್ತದೆ. ಕಾಗದವನ್ನು ಕತ್ತರಿಸಬಾರದು, ಹರಿಯಬೇಕು. ಹರಿದ ಅಂಚು ಒಂದರೊಳಗೊಂದು ಬೆಸೆಯುತ್ತದೆ. ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಹರಿಯುವ ಕೆಲಸ ಮೊಮ್ಮಗಳದು. ಅದನ್ನು ಅವಳು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ, ಮೇಜಿನ ಮೇಲಿದ್ದ ನನ್ನ ಪಂಪನ ಮೇಲಣ ಪಾಠದ ಟಿಪ್ಪಣಿಗಳೂ ಕೆಲವು ಹುಲಿಗೆ ಆಹಾರವಾದವು. ಮೂವತ್ತು ವರ್ಷ ಓದಿಸಿದ ಟಿಪ್ಪಣಿ, ಸುಮ್ಮನಿದ್ದೆ. ಒಂದು ಪದರ ಕನ್ನಡ ಪತ್ರಿಕೆ, ಮೇಲೊಂದು ಪದರ ಇಂಗ್ಲಿಷ್ ಪತ್ರಿಕೆ ಹಾಕುತ್ತ ಹೋದರೆ ಲೆಕ್ಕ ತಪ್ಪುವುದಿಲ್ಲ, ಎಲ್ಲೂ ತೆಳುವಾಗುವುದಿಲ್ಲ. ಆರು ಪದರ ಬೇಕು. ಎರಡಕ್ಕೊಮ್ಮೆ ಒಂದು ದಿನ ಒಣಗಿಸಬೇಕು. ಅವಸರಪಟ್ಟು ಆರನ್ನೂ ಒಟ್ಟಿಗೆ ಹಾಕಿದ ನಮ್ಮ ಮೊದಲ ಹುಲಿಗೆ ಒಳಗೆಲ್ಲ ಬೂಷ್ಟು ಹಿಡಿದು ತಿಪ್ಪೆಗೆ ಹೋಯಿತು.

ಎರಡನೆಯ ಹುಲಿಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಿಂದ ಕಿವಿ ಬಂದವು. ಮೀಸೆಗೆ ಪೊರಕೆಯ ಕಡ್ಡಿ ಕಣ್ಣಿಗೆ ಅಪಾಯ; ಅಂಟಿನಲ್ಲಿ ಅದ್ದಿ ಒಣಗಿಸಿದ ಸೆಣಬಿನ ದಾರವೇ ಲೇಸು. ಕಣ್ಣಿನ ತೂತುಗಳನ್ನು ತೊಡುವ ಮಗುವಿನ ಮುಖಕ್ಕೆ ಹಿಡಿದು ಗುರುತಿಸಿ, ದೊಡ್ಡವರೇ ಕೊರೆಯಬೇಕು. ಅರಿಶಿನಕ್ಕೆ ಚಿಟಿಕೆ ಕುಂಕುಮ ಬೆರೆಸಿ ಗಂಜಿಯಲ್ಲಿ ಕಲಸಿದರೆ ಮೈಬಣ್ಣ. ಬಿಸಿಲಿಗೆ ಅರಿಶಿನ ಮಾಸುತ್ತದೆ, ಆದ್ದರಿಂದ ನೆರಳಲ್ಲಿಡಬೇಕು. ಇದ್ದಿಲ ಪುಡಿಯಿಂದ ಪಟ್ಟೆ, ಸೀಮೆಸುಣ್ಣದಿಂದ ಕಣ್ಣಿನ ಮೇಲಣ ಬಿಳಿ. ಎಡಬಲಗಳ ಪಟ್ಟೆ ಸರಿಸಮವಾಗಿಲ್ಲವೆಂದು ಹುಡುಗ ಪೇಚಾಡಿದ. ಯಾವ ಎರಡು ಹುಲಿಗಳ ಪಟ್ಟೆಗಳೂ ಒಂದೇ ತೆರನಾಗಿರುವುದಿಲ್ಲ, ಕಾಡಿನಲ್ಲಿ ಹುಲಿಗಳನ್ನು ಎಣಿಸುವವರು ಪಟ್ಟೆಯಿಂದಲೇ ಗುರುತಿಸುತ್ತಾರೆ ಎಂದಮೇಲೆ ಸಮಾಧಾನಗೊಂಡ.

ಆದರೆ ಬಾಯಿಗೆ ಬಂದಾಗ ಅವನ ಕುಂಚ ನಿಂತಿತು. 'ತಾತ, ಮೊದಲು ಹುಲಿಗೆ ಕೋಪ ಇರತ್ತೆ. ಕೊನೇಲಿ ಅದೇ ದುಃಖಪಟ್ಟು ಸಾಯತ್ತೆ. ಯಾವ ಮುಖ ಬರೀಲಿ?' ನಾನು ತರಗತಿಗಳಲ್ಲಿ ರಸಗಳ ಬಗೆಗೆ ಸಾಕಷ್ಟು ಮಾತಾಡಿದವನು. ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಜಪಾನಿನ ನೋ ನಾಟಕದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಅವರ ಮುಖವಾಡಗಳಲ್ಲಿ ಭಾವ ಅರೆಬರೆಯಾಗಿರುತ್ತದೆ. ನಟ ಮೊಗವನ್ನು ತುಸು ಮೇಲೆತ್ತಿದರೆ ಅದು ಬೆಳಗುತ್ತದೆ. ಅದಕ್ಕೆ 'ತೆರಸು' ಎನ್ನುತ್ತಾರೆ. ತುಸು ಬಾಗಿಸಿದರೆ ಮೋಡ ಕವಿಯುತ್ತದೆ, ಅದು 'ಕುಮೊರಸು'. ನಾವು ಹುಬ್ಬಿನ ಮೇಲೆ ಕಾಗದದ ಸುರುಳಿ ಅಂಟಿಸಿ ದಿಣ್ಣೆ ಮಾಡಿದೆವು. ಬಾಯನ್ನು ಅರ್ಧ ತೆರೆದು ಬಿಟ್ಟೆವು. ದೀಪದ ಕೆಳಗೆ ಹುಡುಗ ತಲೆಯೆತ್ತಿದಾಗ ಹುಲಿ ಗರ್ಜಿಸಿತು. ತಲೆ ತಗ್ಗಿಸಿದೊಡನೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು, ಅದೇ ಹುಲಿ ಪಶ್ಚಾತ್ತಾಪದಿಂದ ಕುಗ್ಗಿದಂತೆ ಕಂಡಿತು. ನಮ್ಮ ಮೂವರಲ್ಲೂ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಆಟ ಜಗುಲಿಯ ಮೇಲೆ ನಡೆಯಿತು. ಪಕ್ಕದ ಮನೆಯ ಹುಡುಗಿ ಪುಣ್ಯಕೋಟಿ, ನನ್ನಾಕೆಯ ಹಳೆಯ ಸೀರೆ ಕಾಡು. ಹುಲಿ ಸತ್ತು ಬಿದ್ದಾಗ ಮೊಮ್ಮಗಳು ಮೆಲ್ಲನೆ ಹತ್ತಿರ ಹೋಗಿ, ಅದರ ಮೊಗವನ್ನು ಬಿಡಿಸಿ, ಒಳಗೆ ಅಣ್ಣ ಇದ್ದಾನೆಯೇ ಎಂದು ಬಗ್ಗಿ ನೋಡಿದಳು. ಇದ್ದ. ಮೊಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನೇರವಾಗಿ ನನ್ನ ಬಳಿಗೆ ಬಂದು, 'ತಾತ, ಈಗ ನೀನು' ಎಂದಳು. ನನ್ನ ತಲೆಗೆ ಅದು ಕೊಂಚ ಚಿಕ್ಕದು. ದಾರ ಸಡಿಲಿಸಿ ಕಟ್ಟಿಕೊಂಡೆ.