ಲಿಲ್ಲಿಬಾಯಿ ಗುಲಾಬಿಯಾದ ಬಗೆ

ಹುಲಿಯೂರುದುರ್ಗದ ಬೆಟ್ಟದ ಹಿಂದೆ ಹೊತ್ತು ಇಳಿದು, ಊರಂಚಿನ ಟೆಂಟಿನಿಂದ ವೆಂಕಟೇಶನ ಸ್ತುತಿಯ ರೆಕಾರ್ಡು ಕೇಳಿಬರತೊಡಗಿತೆಂದರೆ, ಅವಸರದಲ್ಲಿ ಹಿಟ್ಟು ತೊಳಸಿ, ಮುದ್ದೆ ಕಟ್ಟಿ, ಮನೆಮಂದಿಗೆಲ್ಲ ಉಣಬಡಿಸಿ, ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟುಹಾಕಿಕೊಂಡು ಹೊರಡುತ್ತಿದ್ದ ಹೆಂಗಸರ ಗುಂಪು ನನ್ನ ಬಾಲ್ಯಸ್ಮೃತಿಯಲ್ಲಿ ಇನ್ನೂ ನಡೆಯುತ್ತಲೇ ಇದೆ. ಒಂದೇ ಪ್ರೊಜೆಕ್ಟರಿನ ಟೆಂಟು ಅದು. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಮರಳಿನ ಮೇಲೆ ಕುಳಿತವರು ಮುಂದೇನಾದೀತೆಂಬುದನ್ನು ತಾವೇ ಹೆಣೆಯುತ್ತಿದ್ದರು. ಮರುದಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ನಮ್ಮವ್ವ ನೆರೆಯವರಿಗೆ ಅದೇ ಚಿತ್ರವನ್ನು ಹೇಳುವಳು. ಮೊರ ತುಂಬುವಷ್ಟರಲ್ಲಿ ಮೂರು ಗಂಟೆಯ ಚಿತ್ರವು ಒಂದು ಸಣ್ಣಕಥೆಯಾಗಿ ಮುಗಿದಿರುತ್ತಿತ್ತು.

ಇದಕ್ಕೆ ವಿಪರ್ಯಯವಾದ ಕ್ರಿಯೆ, ಎಂದರೆ ಸಣ್ಣಕಥೆಯು ಚಿತ್ರವಾಗಿ ಹಿಗ್ಗುವುದು, ಕನ್ನಡದಲ್ಲಿ ತಡವಾಗಿಯೇ ನೆಲೆಗೊಂಡಿತು. ನಮ್ಮ ಜಿಲ್ಲೆಯ ಗುಬ್ಬಿ ಕಂಪನಿಯ ರಂಗದಿಂದ ಎದ್ದುಬಂದ 1954ರ 'ಬೇಡರ ಕಣ್ಣಪ್ಪ'ದಂತೆ ಮೊದಮೊದಲು ನಾಟಕಗಳು ಚಿತ್ರಗಳಾದುವು. ಅನಂತರ ಕಾದಂಬರಿಗಳ ಕಾಲ ಬಂದಿತು. 1976ರಲ್ಲಿ ಪುಟ್ಟಣ್ಣ ಕಣಗಾಲರು ಗಿರಡ್ಡಿ ಗೋವಿಂದರಾಜ, ವೀಣಾ ಶಾಂತೇಶ್ವರ, ಈಶ್ವರಚಂದ್ರ ಈ ಮೂವರ ಮೂರು ಕಥೆಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ 'ಕಥಾಸಂಗಮ'ವನ್ನು ಕೊಟ್ಟರು. ಹತ್ತು ವರ್ಷಗಳ ತರುವಾಯ, ನಿವೃತ್ತಿವೇತನಕ್ಕಾಗಿ ಅಲೆದಲೆದು ಸೋಲುವ ಪುರಸಭೆಯ ಜವಾನನನ್ನು ಕುರಿತ ತೇಜಸ್ವಿಯವರ 'ತಬರನ ಕಥೆ'ಯನ್ನು ಗಿರೀಶ ಕಾಸರವಳ್ಳಿಯವರು ತೆರೆಗೆ ತಂದಾಗ, 1986ರ ಸಾಲಿನ ಸ್ವರ್ಣಕಮಲವು ಅದಕ್ಕೆ ಸಂದಿತು; ತಬರನಾದ ಚಾರುಹಾಸನ್ ಶ್ರೇಷ್ಠ ನಟರೆನಿಸಿದರು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ವೈದೇಹಿಯವರ 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಎಂಬ ಕಥೆಯ ಮುಂದೆ. ಏಕೆಂದರೆ ಅದು ಸಿನಿಮಾ ನೋಡುವ ಹೆಂಗಸರ ಕಥೆಯೇ. ಸಣ್ಣ ಊರೊಂದಕ್ಕೆ ಟಾಕೀಸು ಬರುತ್ತದೆ. ಒಳಮನೆಯಲ್ಲೇ ಬಾಳು ಸವೆಸುತ್ತಿದ್ದವರು ಹೊಸಿಲು ದಾಟುತ್ತಾರೆ. ಸೂಲಗಿತ್ತಿ ಲಿಲ್ಲಿಬಾಯಿ ಅಲ್ಲಿ ಹೆಂಗಸರ ಬಾಗಿಲು ಕಾಯುವವಳಾಗುತ್ತಾಳೆ. ಊರಿನ ಕೂಸುಗಳನ್ನು ಲೋಕಕ್ಕೆ ಬರಮಾಡಿಕೊಂಡ ಕೈಯೇ ಈಗ ತಾಯಂದಿರನ್ನು ಇನ್ನೊಂದು ಲೋಕದೊಳಕ್ಕೆ ಬಿಡುತ್ತದೆಂಬುದನ್ನು ಓದುವಾಗ ನನ್ನ ಕಣ್ಣೆದುರು ನಮ್ಮ ಟೆಂಟಿನ ತಡಿಕೆಯ ಬಾಗಿಲೇ ಇದ್ದಿತು.

2008ರಲ್ಲಿ ತೆರೆಕಂಡ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ನಲ್ಲಿ ಈ ಲಿಲ್ಲಿಬಾಯಿ ಇಲ್ಲ. ಅವಳ ಸ್ಥಾನದಲ್ಲಿ ಕುಂದಾಪುರದ ಕಡೆಯ ಮೀನುಗಾರರ ನಡುವೆ ಬಾಳುವ ಮುಸಲ್ಮಾನ ಸೂಲಗಿತ್ತಿ ಗುಲಾಬಿ ಬಂದಿದ್ದಾಳೆ. ಕಾಲವು ಕಾರ್ಗಿಲ್ ಯುದ್ಧದ ದಿನಗಳಿಗೆ ಸರಿದಿದೆ. ಸಿನಿಮಾದ ಹುಚ್ಚಿನ ಈ ಹೆಂಗಸಿಗೆ ಹೆರಿಗೆ ಮಾಡಿಸಿದ ಋಣಕ್ಕಾಗಿ ಬಣ್ಣದ ಟಿ.ವಿ.ಯೂ ಡಿಶ್ಶೂ ದೊರೆತು, ಅವಳ ಗುಡಿಸಲೇ ಟಾಕೀಸಾಗಿದೆ. ಮೂಲಕ್ಕೆ ನಿಷ್ಠೆ ಎಲ್ಲಿ ಉಳಿಯಿತೆಂದು ಕೇಳುವವರುಂಟು. ಉಳಿದಿದೆಯೆಂದೇ ನನ್ನ ದೃಢವಾದ ನಂಬಿಕೆ. ಕಾದಂಬರಿಯನ್ನು ಎತ್ತಿಕೊಂಡ ನಿರ್ದೇಶಕನು ಏನನ್ನು ಬಿಡಲೆಂದು ಚಿಂತಿಸಬೇಕಾಗುತ್ತದೆ. ಸಣ್ಣಕಥೆಯಾದರೋ ಬೀಜದ ಹಾಗೆ, ಬಿದ್ದ ಮಣ್ಣಿನ ಸಾರವನ್ನು ಹೀರಿಯೇ ಅದು ಮೊಳೆಯಬೇಕು. ಹೆಂಗಸರು ಒಟ್ಟಿಗೆ ಕುಳಿತು ಬೇರೊಂದು ಲೋಕವನ್ನು ಕಾಣುವ ಆ ಸುಖ, ಅದನ್ನು ಸಹಿಸಲಾರದ ಊರು, ಬಾಗಿಲಿನಲ್ಲಿ ನಿಂತ ಒಬ್ಬ ಸೂಲಗಿತ್ತಿ, ಇವು ಕಥೆಯಿಂದ ಚಿತ್ರಕ್ಕೆ ಹಾಗೆಯೇ ದಾಟಿಬಂದಿವೆ.

ಗುಲಾಬಿಯ ಪಾತ್ರಕ್ಕಾಗಿ 2007ರ ಸಾಲಿನ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದ ಉಮಾಶ್ರೀಯವರು ನಮ್ಮದೇ ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದವರು. ಈ ಬಯಲುಸೀಮೆಯ ಹೆಣ್ಣುಮಗಳು ಆ ಕಡಲತಡಿಯ ಗುಲಾಬಿಯಾಗಿ, ಬೆಳ್ಳಿತೆರೆಯ ಮುಂದೆ ಮೈಮರೆತು ಬಾಯಿ ತೆರೆದು ಕುಳಿತುದನ್ನು ಕಂಡಾಗ, ರೀಲು ಬದಲಿಸುವ ದೀಪದಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದ ನಮ್ಮವ್ವನ ಮುಖವನ್ನೇ ಕಂಡಂತಾಗಿ ನನಗೆ ಗಂಟಲು ಕಟ್ಟಿತು.

ಚಿತ್ರದ ಕೊನೆಯಲ್ಲಿ, ತನ್ನದಲ್ಲದ ತಪ್ಪಿಗೆ ಗುರಿಯಾದ ಗುಲಾಬಿಯನ್ನು ದೋಣಿಯೇರಿಸಿ ಊರಿನಿಂದ ಕಳುಹಿಸಿಬಿಡುತ್ತಾರೆ. ಟಿ.ವಿ. ಅಲ್ಲಿಯೇ ಉಳಿದಿದೆ. ಅದುವರೆಗೆ ಅವಳ ಮನೆಯ ಹೊಸಿಲನ್ನು ತುಳಿಯಲೊಲ್ಲದಿದ್ದ ಇಬ್ಬರು ಮುದುಕಿಯರು ಈಗ ಆ ಬರಿದಾದ ಮನೆಯೊಳಕ್ಕೆ ಬಂದು, ಅದರ ಮುಂದೆ ನೋಡುತ್ತ ಕುಳಿತುಕೊಳ್ಳುತ್ತಾರೆ.